ಚಿನ್ನಕ್ಕೆ ಚೀಟಿ ಬಂದ ಕತೆ

ನಾಸಿಕ ಪೇಟೆಯಿಂದ ಮುಂಬಯಿ ಹೆದ್ದಾರಿ ಹಿಡಿದು ಏಳೆಂಟು ಕಿಲೋಮೀಟರ್ ಹೋದರೆ ತ್ರಿರಶ್ಮಿ ಬೆಟ್ಟ ಸಿಗುತ್ತದೆ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಜನ ಅದನ್ನು ಪಾಂಡವಲೇಣಿ ಎಂದೇ ಕರೆಯುತ್ತಾರೆ. ಅಲ್ಲಿನ 24 ಬೌದ್ಧ ಗುಹೆಗಳಲ್ಲಿ ಹತ್ತನೆಯದರ ಜಗಲಿಯಲ್ಲಿ ಸುಮಾರು 1,900 ವರ್ಷ ಹಳೆಯ ಶಾಸನವೊಂದಿದೆ. ಬರೆಸಿದವನು ಉಷವದಾತ, ಪಶ್ಚಿಮ ಕ್ಷತ್ರಪ ನಹಪಾನನ ಅಳಿಯ. ದಾನಶಾಸನಗಳೆಂದರೆ ಹೊಗಳಿಕೆಯ ಮಳೆ ಎಂದುಕೊಂಡವರು ಇದನ್ನು ಓದಬೇಕು. ಇದರಲ್ಲಿ ಶುದ್ಧ ಲೆಕ್ಕಾಚಾರವಿದೆ.

ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳ ಖರ್ಚಿಗೆ ಉಷವದಾತ 3,000 ಕಹಾಪಣ ನಾಣ್ಯ ತೆಗೆದಿಟ್ಟ. ಹಣವನ್ನು ಭಿಕ್ಷುಗಳ ಕೈಗೆ ಕೊಡಲಿಲ್ಲ, ತನ್ನ ಖಜಾನೆಯಲ್ಲೂ ಇಟ್ಟುಕೊಳ್ಳಲಿಲ್ಲ. ಗೋವರ್ಧನ ಪಟ್ಟಣದ ನೇಕಾರರ ಎರಡು ಶ್ರೇಣಿಗಳಿಗೆ, ಅಂದರೆ ಕಸುಬಿನ ಸಂಘಗಳಿಗೆ, ವಹಿಸಿದ. ಒಂದರಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರ ಬಡ್ಡಿಗೆ. ಅಸಲನ್ನು ವಾಪಸು ಪಡೆಯುವಂತಿಲ್ಲ, ಬಡ್ಡಿಯನ್ನಷ್ಟೇ ಉಣ್ಣಬೇಕು. ಮೊದಲ ಮೊತ್ತದ ಬಡ್ಡಿಯಿಂದ 20 ಭಿಕ್ಷುಗಳಿಗೆ ತಲಾ 12 ಕಹಾಪಣದ ಬಟ್ಟೆ. ಲೆಕ್ಕ ಹಾಕಿ ನೋಡಿ: 2,000ಕ್ಕೆ ವರ್ಷದ ಬಡ್ಡಿ 240; ಇಪ್ಪತ್ತನ್ನು ಹನ್ನೆರಡರಿಂದ ಗುಣಿಸಿದರೂ 240. ಒಂದು ಕಾಸು ಆಚೀಚೆ ಇಲ್ಲ. ಇಷ್ಟೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ಫಲಕದ ದಾಖಲೆಗೆ ಏರಿಸಲಾಯಿತು. ಅದೇ ಶಾಸನದಲ್ಲಿ ಅಂದಿನ ಚಿನ್ನದ ದರವೂ ಸಿಗುತ್ತದೆ. 35 ಕಹಾಪಣಕ್ಕೆ ಒಂದು ಸುವರ್ಣ, 70,000 ಕಹಾಪಣ ಎಂದರೆ 2,000 ಸುವರ್ಣ.

ಚಿನ್ನದ ಫಂಡ್ ಎಂದರೇನು ಎಂದು ಹೊಸದಾಗಿ ದುಡ್ಡು ಹೂಡುವವರು ಕೇಳಿದಾಗ ಷೇರುಪೇಟೆಯ ನಕ್ಷೆ ತೋರಿಸುವುದಕ್ಕಿಂತ ಈ ಗೋಡೆಯನ್ನು ತೋರಿಸುವುದು ಮೇಲು ಎಂದು ನನಗೆ ಅನ್ನಿಸುತ್ತದೆ. ಹಣ ಕೊಟ್ಟವನು ಒಬ್ಬ, ಇಟ್ಟುಕೊಂಡವನು ಇನ್ನೊಬ್ಬ, ಫಲ ಉಣ್ಣುವವನು ಮತ್ತೊಬ್ಬ, ಊರೆದುರು ಲೆಕ್ಕ ಬರೆದಿಟ್ಟವನು ಮಗದೊಬ್ಬ. ಈ ನಾಲ್ವರೂ ಬೇರೆ ಬೇರೆಯಾಗಿರಬೇಕು ಎಂಬುದೇ ಫಂಡ್ ಎಂಬ ಏರ್ಪಾಡಿನ ಬೇರು. ಚಿನ್ನ ಈ ಏರ್ಪಾಡಿನೊಳಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ನಡುವೆ ಒಂದು ದೊಡ್ಡ ಎಡವಟ್ಟೂ ಆಯಿತು.

ಆ ಎಡವಟ್ಟಿನ ಜಾಗ ಇಂದಿನ ಛತ್ರಪತಿ ಸಂಭಾಜಿನಗರದ ಪಕ್ಕದಲ್ಲೇ ಇದೆ. ಕನ್ನಡದಲ್ಲೂ ಶಾಸನ ಹಾಕಿಸಿದ ಸೇವುಣರ ದೇವಗಿರಿಗೆ 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿ ತಂದು ದೌಲತಾಬಾದ್ ಎಂದು ಕರೆದ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಹಿತ್ತಾಳೆ, ತಾಮ್ರದ ನಾಣ್ಯಗಳನ್ನು ಹೊರಡಿಸಿ, ಇವಕ್ಕೆ ಬೆಳ್ಳಿಯ ಟಂಕದ ಬೆಲೆಯೇ ಸಲ್ಲತಕ್ಕದ್ದು ಎಂದ. ಉಪಾಯ ಕೆಟ್ಟದ್ದಲ್ಲ. ಬೆಲೆಬಾಳುವ ಲೋಹ ಖಜಾನೆಯಲ್ಲಿರಲಿ, ಅದರ ಗುರುತು ಕೈಯಿಂದ ಕೈಗೆ ಓಡಾಡಲಿ ಎಂಬ ಯೋಚನೆಯೇ ಇವತ್ತು ಜಗತ್ತನ್ನು ನಡೆಸುತ್ತಿದೆ. ಆದರೆ ಎಷ್ಟು ಗುರುತು ಹೊರಬಿದ್ದಿದೆ, ಅದರ ಹಿಂದೆ ಎಷ್ಟು ಬೆಳ್ಳಿಯಿದೆ ಎಂದು ಎಣಿಸುವವರೇ ಇರಲಿಲ್ಲ. ಹಿತ್ತಾಳೆ ಕರಗಿಸಬಲ್ಲ ಯಾರು ಬೇಕಾದರೂ ನಾಣ್ಯ ಹೊಡೆಯಬಹುದಿತ್ತು, ಹೊಡೆದರು. ಮನೆಮನೆಯೂ ಟಂಕಸಾಲೆಯಾಯಿತು ಎಂಬರ್ಥದಲ್ಲಿ ಚರಿತ್ರಕಾರ ಬರನಿ ಬರೆದಿದ್ದಾನೆ. ಕೊನೆಗೆ ಸುಲ್ತಾನ ಸೋತು, ಖೋಟಾ ನಾಣ್ಯಗಳಿಗೂ ಖಜಾನೆಯಿಂದ ಅಸಲಿ ನಾಣ್ಯ ಕೊಟ್ಟು ವಾಪಸು ಪಡೆದ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ ನೋಡಿದವರಿಗೆ ಗುಲಾಬಿ ತೋಟದಲ್ಲಿ ಬಿದ್ದ ಆ ಖೋಟಾ ನಾಣ್ಯಗಳ ರಾಶಿ ನೆನಪಿರುತ್ತದೆ.

ನಾಸಿಕದ ಶಾಸನದಲ್ಲಿ ಇದ್ದದ್ದು ದೌಲತಾಬಾದಿನ ನಾಣ್ಯದಲ್ಲಿ ಇರಲಿಲ್ಲ. ಹೊರಡಿಸುವವನು, ಇಟ್ಟುಕೊಳ್ಳುವವನು, ಎಣಿಸುವವನು ಮೂವರೂ ಒಬ್ಬನೇ ಸುಲ್ತಾನನಾಗಿದ್ದ.

ಇಲ್ಲಿಂದ ಆರೂವರೆ ಶತಮಾನ ದಾಟಿ ಅಮೆರಿಕಕ್ಕೆ ಹೋಗೋಣ. ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ನೇಥನ್ ಮೋಸ್ಟ್ ಎಂಬ ಹಿರಿಯರು ಅಲ್ಲಿಗೆ ಬರುವ ಮೊದಲು ಸರಕುಗಳ ವಹಿವಾಟು ಕಂಡವರು. ಕೊಬ್ಬರಿ ಎಣ್ಣೆಯಂಥ ಸರಕನ್ನು ಗೋದಾಮಿನಲ್ಲಿಟ್ಟು ರಸೀತಿ ಪಡೆದರೆ, ಎಣ್ಣೆ ಅಲ್ಲೇ ಇರುತ್ತದೆ, ರಸೀತಿ ಮಾತ್ರ ಹತ್ತು ಕೈ ಬದಲಾಯಿಸುತ್ತದೆ. ಎಣ್ಣೆ ಬೇಕಾದವನು ರಸೀತಿ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಷೇರುಗಳಿಗೂ ಹೀಗೇಕೆ ಮಾಡಬಾರದು ಎಂದು ಅವರು ಕೇಳಿಕೊಂಡರು. 500 ಕಂಪನಿಗಳ ಷೇರುಗಳನ್ನು ಒಂದು ಕಡೆ ಇಟ್ಟು, ಅದರ ರಸೀತಿಯನ್ನು ಪೇಟೆಯಲ್ಲಿ ಓಡಾಡಲು ಬಿಟ್ಟರು. 1993ರ ಜನವರಿಯಲ್ಲಿ ಶುರುವಾದ ಆ ಫಂಡ್ ಇಂದಿಗೂ ನಡೆಯುತ್ತಿದೆ. ಪೇಟೆಯಲ್ಲಿ ದಿನವಿಡೀ ಕೊಳ್ಳಬಹುದಾದ, ಮಾರಬಹುದಾದ ಇಂಥ ಫಂಡಿಗೆ ಇಟಿಎಫ್ ಎಂದು ಹೆಸರಾಯಿತು.

ಗೋದಾಮಿನ ಸರಕಿನಿಂದ ಹುಟ್ಟಿದ ಯೋಚನೆ ಷೇರಿಗೆ ಹೋಯಿತಲ್ಲ, ಅದನ್ನು ಮತ್ತೆ ಸರಕಿಗೆ ತಂದವರು ಮುಂಬಯಿಯವರು. ಬೆಂಚ್‌ಮಾರ್ಕ್ ಎಂಬ ಸಣ್ಣ ಮ್ಯೂಚುವಲ್ ಫಂಡ್ ಕಂಪನಿಯ ಸಂಜೀವ್ ಶಾ, ರಾಜನ್ ಮೆಹ್ತಾ ಮತ್ತವರ ಜೊತೆಗಾರರು 2002ರ ಶುರುವಿನಲ್ಲಷ್ಟೇ ನಿಫ್ಟಿ ಷೇರುಗಳ ಮೇಲೆ ಭಾರತದ ಮೊದಲ ಇಟಿಎಫ್ ಅನ್ನು ಪೇಟೆಗೆ ಬಿಟ್ಟಿದ್ದರು. ಷೇರಿನ ಹೆಸರು ಕೇಳಿದರೆ ಹಿಂಜರಿಯುವ, ಆದರೆ ಹಬ್ಬಕ್ಕೆ ಒಂದು ಗ್ರಾಮಾದರೂ ಚಿನ್ನ ಕೊಳ್ಳದೆ ಇರದ ದೇಶವಿದು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಚಿನ್ನದ ಮೇಲೆ ಇಟಿಎಫ್ ಮಾಡುತ್ತೇವೆ ಎಂದು ಷೇರುಪೇಟೆ, ಮ್ಯೂಚುವಲ್ ಫಂಡುಗಳ ನಿಯಂತ್ರಕ ಸೆಬಿಗೆ ಅರ್ಜಿ ಹಾಕಿದರು. ಆಗ ಜಗತ್ತಿನಲ್ಲಿ ಎಲ್ಲೂ ಅಂಥ ಫಂಡ್ ಇರಲಿಲ್ಲ. ನಮ್ಮ ಕೋಲಾರದ ಗಣಿಗೆ ಬೀಗ ಬಿದ್ದು ಒಂದು ವರ್ಷ ದಾಟಿತ್ತು. 2001ರ ಫೆಬ್ರವರಿ 28ಕ್ಕೆ ಅಲ್ಲಿ ಕೆಲಸ ನಿಂತಿತ್ತು. ರಾಯಚೂರಿನ ಹಟ್ಟಿಯಲ್ಲಿ ಸ್ವಲ್ಪ ಚಿನ್ನ ಬರುತ್ತಿದ್ದದ್ದು ಬಿಟ್ಟರೆ ದೇಶ ಕೊಳ್ಳುವ ಚಿನ್ನವೆಲ್ಲ ಹೊರಗಿನದೇ. ಹೀಗೆ ಡಾಲರ್ ಕೊಟ್ಟು ತಂದ ಚಿನ್ನ ಬೀರುವಿನಲ್ಲಿ ಕೂರುವ ಬದಲು ಲೆಕ್ಕಕ್ಕೆ ಸಿಗುವ ಒಂದು ಕಡೆ ಇರಲಿ ಎಂಬ ವಾದಕ್ಕೆ ತೂಕವಿತ್ತು.

ಅರ್ಜಿ ಮುಂದೆ ಸಾಗಲಿಲ್ಲ. ಅದರಲ್ಲಿ ಯಾರದೂ ಕೇಡಿಗತನವಿಲ್ಲ. ಆಗಿನ ಮ್ಯೂಚುವಲ್ ಫಂಡಿನ ನಿಯಮಗಳು 1996ರವು. ಜನರ ಹಣದಲ್ಲಿ ಷೇರು, ಬಾಂಡು ಮುಂತಾದ ಪತ್ರಗಳನ್ನು ಕೊಳ್ಳಬಹುದೆಂದು ಅಲ್ಲಿತ್ತೇ ಹೊರತು ಗಟ್ಟಿ ಚಿನ್ನ ಕೊಳ್ಳಬಹುದೆಂದು ಇರಲಿಲ್ಲ. ಚಿನ್ನ ಯಾವ ಕಪಾಟಿನಲ್ಲಿರಬೇಕು, ಅದರ ಶುದ್ಧತೆ ನೋಡುವವರು ಯಾರು, ದಿನದ ಬೆಲೆ ಯಾವುದನ್ನು ಹಿಡಿಯಬೇಕು, ಒಂದಕ್ಕೂ ಉತ್ತರ ಬರೆದಿರಲಿಲ್ಲ. ದೌಲತಾಬಾದಿನ ಕತೆ ಗೊತ್ತಿದ್ದವರಿಗೆ ಈ ಪ್ರಶ್ನೆಗಳು ತಕರಾರು ಅನ್ನಿಸುವುದಿಲ್ಲ. ಆದರೆ ಉತ್ತರ ಬರೆಯಲು ಹಿಡಿದ ಸಮಯ ಜಾಸ್ತಿಯಾಯಿತು ಎಂಬುದೂ ಸುಳ್ಳಲ್ಲ.

ನಾವು ಕಾಯುತ್ತಿದ್ದಾಗ ಬೇರೆಯವರು ಮುಂದೆ ಹೋದರು. 2003ರ ಮಾರ್ಚ್ 28ರಂದು ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿ ಗ್ರಹಾಂ ಟಕ್‌ವೆಲ್ ಅವರ ‘ಗೋಲ್ಡ್ ಬುಲಿಯನ್ ಸೆಕ್ಯುರಿಟೀಸ್’ ವಹಿವಾಟು ಶುರುಮಾಡಿತು. ಜಗತ್ತಿನ ಮೊದಲ ಚಿನ್ನದ ಇಟಿಎಫ್ ಎಂಬ ಹೆಸರು ಅದಕ್ಕೆ ಹೋಯಿತು. 2004ರ ನವೆಂಬರ್ 18ಕ್ಕೆ ನ್ಯೂಯಾರ್ಕಿನಲ್ಲಿ ಶುರುವಾದ ಇನ್ನೊಂದು ಚಿನ್ನದ ಇಟಿಎಫ್‌ನ ಒಟ್ಟು ಮೌಲ್ಯ ವಹಿವಾಟಿನ ಮೂರೇ ದಿನಗಳಲ್ಲಿ ನೂರು ಕೋಟಿ ಡಾಲರ್ ದಾಟಿತು.

ಆಮೇಲೆ ದೆಹಲಿಗೂ ಚುರುಕು ಬಂತು. 2005ರ ಬಜೆಟ್ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ, ಯಾವುದೇ ಮನೆಯವರು ₹100ರಷ್ಟು ಸಣ್ಣ ಮೊತ್ತಕ್ಕೂ ಚಿನ್ನದ ಯೂನಿಟ್ ಕೊಳ್ಳುವಂತಾಗಬೇಕು ಎಂದರು. 2006ರ ಜನವರಿಯಲ್ಲಿ ಸೆಬಿ ನಿಯಮ ತಿದ್ದಿತು. ಬೆಂಚ್‌ಮಾರ್ಕಿನ ‘ಗೋಲ್ಡ್ ಬೀಸ್’ 2007ರ ಮಾರ್ಚ್ 19ರಂದು ರಾಷ್ಟ್ರೀಯ ಷೇರುಪೇಟೆಗೆ ಬಂತು. ಬೆನ್ನಿಗೇ ಯುಟಿಐ, ಕೋಟಕ್ ಮುಂತಾದವರೂ ಬಂದರು. ಅರ್ಜಿ ಹಾಕಿ ಐದು ವರ್ಷವಾಗುತ್ತ ಬಂದಿತ್ತು. ₹100ರ ಮಾತು ಮಾತ್ರ ಆಗ ನಡೆಯಲಿಲ್ಲ. ಒಂದು ಯೂನಿಟ್ ಸುಮಾರು ಒಂದು ಗ್ರಾಂ ಚಿನ್ನಕ್ಕೆ ಸಮವಾಗಿದ್ದರಿಂದ ಸಾವಿರದ ಆಸುಪಾಸು ಬೇಕಿತ್ತು. 2019ರ ಡಿಸೆಂಬರಿನಲ್ಲಿ ಒಂದು ಯೂನಿಟ್ಟನ್ನು ನೂರು ಪಾಲು ಮಾಡಿದ ಮೇಲೆ, ಗ್ರಾಮಿನ ನೂರನೇ ಒಂದು ಭಾಗದಷ್ಟು ಚಿನ್ನದ ಯೂನಿಟ್ ₹40ಕ್ಕಿಂತ ಕಡಿಮೆಗೆ ಸಿಗುವಂತಾಯಿತು.

ಇನ್ನು ಒಳಗಿನ ಯಂತ್ರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಿಜವಾದ ಜಾಣತನ ಇರುವುದು ಇಲ್ಲೇ.

ಫಂಡ್ ಕಂಪನಿ ನಿಮ್ಮಿಂದ ನೇರವಾಗಿ ಹಣ ಪಡೆದು ಚಿನ್ನ ತರುವುದಿಲ್ಲ. ಅದಕ್ಕೂ ಪೇಟೆಗೂ ನಡುವೆ ಒಪ್ಪಿಗೆ ಪಡೆದ ಕೆಲವು ದೊಡ್ಡ ವ್ಯಾಪಾರಿಗಳಿರುತ್ತಾರೆ. ಲೆಕ್ಕ ಸುಲಭವಾಗಲೆಂದು ಒಂದು ಗ್ರಾಂ ಚಿನ್ನಕ್ಕೆ ₹10,000 ಎಂದಿಟ್ಟುಕೊಳ್ಳಿ. ಗ್ರಾಮಿನ ನೂರನೇ ಭಾಗದ ಯೂನಿಟ್ಟಿಗೆ ₹100. ಅಕ್ಷಯ ತೃತೀಯದ ದಿನ ಎಲ್ಲರೂ ಮುಗಿಬಿದ್ದು ಕೊಂಡು ಪೇಟೆಯಲ್ಲಿ ಅದು ₹103ಕ್ಕೆ ಏರಿತೆನ್ನಿ. ಆಗ ಆ ವ್ಯಾಪಾರಿ ಒಂದು ಕೋಟಿ ರೂಪಾಯಿಗೆ ಒಂದು ಕಿಲೋ ಚಿನ್ನ ತಂದು ಫಂಡಿನ ಖಜಾನೆಗೆ ಹಾಕುತ್ತಾನೆ. ಫಂಡ್ ಅವನಿಗೆ ಒಂದು ಲಕ್ಷ ಹೊಸ ಯೂನಿಟ್ ಬರೆದುಕೊಡುತ್ತದೆ. ಅವನ್ನು ಅವನು ₹103ರಂತೆ ಪೇಟೆಯಲ್ಲಿ ಮಾರಿದರೆ ಮೂರು ಲಕ್ಷ ಲಾಭ. ಇನ್ನೊಬ್ಬನೂ ಅದನ್ನೇ ಮಾಡುತ್ತಾನೆ. ಹೀಗೆ ಮಾರುವವರು ಹೆಚ್ಚಿದಂತೆ ಯೂನಿಟ್ಟಿನ ಬೆಲೆ ಮತ್ತೆ ₹100ರ ಕಡೆಗೆ ಇಳಿಯುತ್ತದೆ. ₹97ಕ್ಕೆ ಕುಸಿದರೆ ಕೆಲಸ ಉಲ್ಟಾ. ಪೇಟೆಯಲ್ಲಿ ಅಗ್ಗಕ್ಕೆ ಲಕ್ಷ ಯೂನಿಟ್ ಕೊಂಡು ಫಂಡಿಗೆ ಕೊಟ್ಟು ಒಂದು ಕಿಲೋ ಚಿನ್ನ ಬಿಡಿಸಿಕೊಳ್ಳುತ್ತಾನೆ. ವ್ಯಾಪಾರಿಯ ಆಸೆಯೇ ಬೆಲೆಯನ್ನು ಹದ್ದುಬಸ್ತಿನಲ್ಲಿಡುತ್ತದೆ, ಯಾವ ಸರ್ಕಾರಿ ಆಜ್ಞೆಯೂ ಬೇಕಾಗಿಲ್ಲ. ಚಿನ್ನ ಬರದೆ ಹೊಸ ಯೂನಿಟ್ ಹುಟ್ಟುವುದಿಲ್ಲ, ಯೂನಿಟ್ ಸಾಯದೆ ಚಿನ್ನ ಹೊರಹೋಗುವುದಿಲ್ಲ. ಸುಲ್ತಾನನಿಗೆ ಹೊಳೆಯದೆ ಹೋದ ಕೀಲು ಇದು.

ಚಿನ್ನ ಫಂಡ್ ಕಂಪನಿಯ ಕಚೇರಿಯಲ್ಲಿರುವುದಿಲ್ಲ. 99.5 ಶೇಕಡಾ ಶುದ್ಧತೆಯ ಗಟ್ಟಿಗಳು ಕಸ್ಟೋಡಿಯನ್ ಎಂಬ ಬೇರೊಂದು ಸಂಸ್ಥೆಯ ಕಾವಲಿನಲ್ಲಿರುತ್ತವೆ. ಆರು ತಿಂಗಳಿಗೊಮ್ಮೆ ಲೆಕ್ಕ ಪರಿಶೋಧಕರು ಹೋಗಿ ಕಣ್ಣಾರೆ ನೋಡಿ ಟ್ರಸ್ಟಿಗಳಿಗೆ ವರದಿ ಕೊಡಬೇಕು. ಚಿನ್ನದ ಒಡೆತನ ಟ್ರಸ್ಟಿನ ಮೂಲಕ ಯೂನಿಟ್ ಹಿಡಿದವರದ್ದು. ಇದು ಬರೀ ಕಾಗದದ ಮಾತಲ್ಲ ಎಂಬುದಕ್ಕೆ ಗೋಲ್ಡ್ ಬೀಸ್ ಕತೆಯೇ ಪುರಾವೆ. ಬೆಂಚ್‌ಮಾರ್ಕನ್ನು 2011ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಕೊಂಡಿತು. ಕೆಲವು ವರ್ಷಗಳ ಮೇಲೆ ರಿಲಯನ್ಸ್ ಕೊಂಡಿತು, 2019ರಲ್ಲಿ ಅದು ನಿಪ್ಪಾನ್ ಇಂಡಿಯಾ ಆಯಿತು. ಬಾಗಿಲ ಮೇಲಿನ ಬೋರ್ಡು ಇಷ್ಟು ಸಲ ಬದಲಾದರೂ 2007ರಲ್ಲಿ ಯೂನಿಟ್ ಕೊಂಡು ಮರೆತು ಕೂತವರ ಯೂನಿಟ್ ಅವರದಾಗಿಯೇ ಉಳಿಯಿತು. ಮಾರಾಟವಾದದ್ದು ಕಂಪನಿ, ಚಿನ್ನವಲ್ಲ.

ಉಷವದಾತನ ಲೆಕ್ಕಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಮಾರುವವರು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ನೇಕಾರರಿಗೆ ಕೊಟ್ಟ ಹಣ ಮಗ್ಗದಲ್ಲಿ ದುಡಿದು ಬಡ್ಡಿ ತರುತ್ತಿತ್ತು, ಅಸಲು ಹಾಗೇ ಇರುತ್ತಿತ್ತು. ಖಜಾನೆಯಲ್ಲಿ ಕೂತ ಚಿನ್ನ ದುಡಿಯುವುದಿಲ್ಲ. ಅದಕ್ಕೆ ಬಡ್ಡಿಯಿಲ್ಲ, ಡಿವಿಡೆಂಡ್ ಇಲ್ಲ. ಆದರೆ ಕಾವಲಿಗೆ, ವಿಮೆಗೆ, ಕಂಪನಿಯ ಶುಲ್ಕಕ್ಕೆ ಖರ್ಚಿದೆ. ಆ ಖರ್ಚು ಎಲ್ಲಿಂದ ಬರಬೇಕು? ಅಸಲಿನಿಂದಲೇ. ಅಂದರೆ ನಿಮ್ಮ ಒಂದು ಯೂನಿಟ್ಟಿನ ಹಿಂದಿರುವ ಚಿನ್ನ ಪ್ರತಿವರ್ಷ ಕೂದಲೆಳೆಯಷ್ಟು ಸವೆಯುತ್ತದೆ. ವರ್ಷಕ್ಕೆ ಶೇಕಡಾ 1ರಂತೆ ಖರ್ಚು ಹಿಡಿದರೆ 18 ವರ್ಷಕ್ಕೆ ಸುಮಾರು ಆರನೇ ಒಂದು ಪಾಲು ಹೋಗಿರುತ್ತದೆ. ಅರ್ಧ ಶೇಕಡಾ ಹಿಡಿದರೆ ಹೋಗುವುದು ಅದರ ಅರ್ಧದಷ್ಟು. ಹಾಗಾಗಿ ಎರಡು ಚಿನ್ನದ ಫಂಡುಗಳ ನಡುವೆ ಆರಿಸುವಾಗ ಕಳೆದ ವರ್ಷ ಯಾವುದು ಎಷ್ಟು ಏರಿತು ಎಂದು ನೋಡುವುದರಲ್ಲಿ ಅರ್ಥವಿಲ್ಲ, ಎರಡರೊಳಗೂ ಇರುವುದು ಅದೇ ಚಿನ್ನ. ವಾರ್ಷಿಕ ಖರ್ಚಿನ ಶೇಕಡಾ ಎಷ್ಟು ಮತ್ತು ಪೇಟೆಯಲ್ಲಿ ದಿನಾಲೂ ಸಾಕಷ್ಟು ವಹಿವಾಟು ಇದೆಯೇ, ಈ ಎರಡನ್ನು ನೋಡಿದರೆ ಬಹುಪಾಲು ಕೆಲಸ ಮುಗಿಯಿತು. ವಹಿವಾಟು ಕಡಿಮೆಯಿರುವ ಕಡೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಜಾಸ್ತಿ, ಮೇಲೆ ಹೇಳಿದ ಯಂತ್ರವೂ ಮಂದವಾಗಿ ತಿರುಗುತ್ತದೆ.

ಇಟಿಎಫ್ ಕೊಳ್ಳಲು, ಷೇರುಗಳನ್ನು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ಬೇಕೇ ಬೇಕು. 2007ರಲ್ಲಿ ಅದೇ ದೊಡ್ಡ ಗೋಡೆಯಾಗಿತ್ತು. 2011ರಲ್ಲಿ ಅದನ್ನು ದಾಟಿಸುವ ದಾರಿಯೊಂದು ಬಂತು, ಚಿನ್ನದ ಫಂಡ್ ಆಫ್ ಫಂಡ್. ಇದು ತಾನಾಗಿ ಚಿನ್ನ ಕೊಳ್ಳದೆ ಇಟಿಎಫ್ ಯೂನಿಟ್ಟುಗಳನ್ನು ಕೊಳ್ಳುತ್ತದೆ. ನೀವು ಮಾಮೂಲಿ ಮ್ಯೂಚುವಲ್ ಫಂಡಿಗೆ ಕಟ್ಟುವ ಹಾಗೆ ಬ್ಯಾಂಕ್ ಖಾತೆಯಿಂದ ತಿಂಗಳಿಗೆ ಐನೂರೋ ಸಾವಿರವೋ ಎಸ್‌ಐಪಿ ಹಾಕಬಹುದು. ಅನುಕೂಲಕ್ಕೆ ಬೆಲೆಯೂ ಇದೆ. ಇಟಿಎಫ್ ಖರ್ಚಿನ ಮೇಲೆ ಇದರದ್ದೂ ಒಂದಿಷ್ಟು ಖರ್ಚು ಕೂಡುತ್ತದೆ. ಏಜೆಂಟರ ಮೂಲಕ ಹೋಗದೆ ಡೈರೆಕ್ಟ್ ಪ್ಲಾನ್ ತೆಗೆದುಕೊಂಡರೆ ಅದು ಸ್ವಲ್ಪ ತಗ್ಗುತ್ತದೆ.

ಮದುವೆಗೆ ಒಡವೆ ಬೇಕಾದವರಿಗೆ ಫಂಡ್ ಪರ್ಯಾಯವಲ್ಲ. ಸಣ್ಣ ಹೂಡಿಕೆದಾರರು ಯೂನಿಟ್ ಕೊಟ್ಟು ಚಿನ್ನ ಕೇಳಲು ಬರುವುದಿಲ್ಲ, ಮಾರಿ ಹಣ ಪಡೆಯಬೇಕು. ನಾಸಿಕದ ಸರಾಫ್ ಬಜಾರಿನಲ್ಲಾಗಲಿ ಸಂಭಾಜಿನಗರದ ಸರಾಫಾದಲ್ಲಾಗಲಿ ನಮ್ಮ ಚಿಕ್ಕಪೇಟೆಯಲ್ಲಾಗಲಿ ಸರ ಕೊಳ್ಳುವಾಗ ಮಜೂರಿ, ವೇಸ್ಟೇಜ್, ಶೇಕಡಾ 3ರ ಜಿಎಸ್‌ಟಿ ಕೊಡುತ್ತೀರಿ. ವಾಪಸು ಮಾರುವಾಗ ಅವುಗಳಲ್ಲಿ ಒಂದೂ ಕೈಗೆ ಬರುವುದಿಲ್ಲ. ಆದರೆ ಸರವನ್ನು ಕತ್ತಿಗೆ ಹಾಕಿಕೊಳ್ಳಬಹುದು, ಯೂನಿಟ್ಟನ್ನು ಹಾಕಿಕೊಳ್ಳಲು ಬರುವುದಿಲ್ಲ. ತೊಡುವುದಕ್ಕೆ ಒಡವೆ, ಉಳಿತಾಯಕ್ಕೆ ಯೂನಿಟ್ ಎಂದು ಬೇರೆ ಮಾಡಿಕೊಂಡರೆ ಜಗಳವೇ ಇಲ್ಲ.

ಚಿನ್ನ ಇಳಿಯುವುದೇ ಇಲ್ಲ ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ಜಾಗತಿಕ ಪೇಟೆಯಲ್ಲಿ 2011ರ ಸೆಪ್ಟೆಂಬರಿನಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿದ್ದ ಚಿನ್ನ 2015ರ ಕೊನೆಗೆ 1,050ರ ಆಸುಪಾಸಿಗೆ ಬಿತ್ತು. ನಮ್ಮ ಯೂನಿಟ್ಟಿನ ಬೆಲೆ ಮೂರು ಹಗ್ಗಗಳಿಗೆ ಕಟ್ಟಿಕೊಂಡಿದೆ: ಡಾಲರಿನಲ್ಲಿ ಚಿನ್ನದ ಬೆಲೆ, ಡಾಲರಿಗೆ ರೂಪಾಯಿ ಎಷ್ಟು ಎಂಬುದು, ಮತ್ತು ಆಮದು ಸುಂಕ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಸುಂಕ ಶೇಕಡಾ 15ರಿಂದ 6ಕ್ಕೆ ಇಳಿಯಿತು. ಲಂಡನ್ನಿನಲ್ಲಿ ಚಿನ್ನ ಅಲುಗಾಡದಿದ್ದರೂ ಇಲ್ಲಿ ಚಿನ್ನದ ಫಂಡುಗಳು ಒಂದೇ ದಿನ ದೊಡ್ಡ ಪೆಟ್ಟು ತಿಂದವು. ಆಮೇಲೆ ಬೆಲೆ ಏರಿ, 2025ರ ಅಕ್ಟೋಬರಿನಲ್ಲಿ ಭಾರತದ ಚಿನ್ನದ ಇಟಿಎಫ್‌ಗಳ ಒಟ್ಟು ಮೌಲ್ಯ ಒಂದು ಲಕ್ಷ ಕೋಟಿ ರೂಪಾಯಿ ದಾಟಿದ್ದು ಬೇರೆ ಮಾತು. ಇಂಥ ಏರಿಕೆಯ ಸುದ್ದಿ ಓದಿ ಉಳಿತಾಯವೆಲ್ಲ ಸುರಿಯುವುದು ಹೂಡಿಕೆಯಲ್ಲ, ಜೂಜು. ಒಟ್ಟು ಉಳಿತಾಯದಲ್ಲಿ ಹತ್ತನೇ ಒಂದು ಪಾಲಿನಷ್ಟು ಚಿನ್ನಕ್ಕೆ ಸಾಕು ಎಂಬುದು ನನ್ನ ಅಭಿಪ್ರಾಯ.

ತೆರಿಗೆಯ ವಿಚಾರ ಚಿಕ್ಕದು. ಇಟಿಎಫ್ ಯೂನಿಟ್ಟನ್ನು 12 ತಿಂಗಳಿಗಿಂತ ಹೆಚ್ಚು, ಫಂಡ್ ಆಫ್ ಫಂಡ್ ಯೂನಿಟ್ಟನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇಕಡಾ 12.5. ಅದಕ್ಕೆ ಮೊದಲೇ ಮಾರಿದರೆ ನಿಮ್ಮ ಆದಾಯದ ಜೊತೆ ಸೇರಿಸಿ ಅದರ ದರದಲ್ಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮೊಬೈಲ್ ಆಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ‘ಡಿಜಿಟಲ್ ಗೋಲ್ಡ್’ ಚಿನ್ನದ ಫಂಡ್ ಅಲ್ಲ. ಅದು ತನ್ನ ನಿಯಂತ್ರಣದೊಳಗೆ ಬರುವುದಿಲ್ಲ, ಹೂಡಿಕೆದಾರರಿಗಿರುವ ರಕ್ಷಣೆ ಅಲ್ಲಿ ಸಿಗುವುದಿಲ್ಲ ಎಂದು ಸೆಬಿ 2025ರ ನವೆಂಬರಿನಲ್ಲಿ ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಿದೆ. ಹೀಗಾಗಿ ದುಡ್ಡು ಹಾಕುವ ಮುಂಚೆ ಯೋಜನೆಯ ದಾಖಲೆ ತೆರೆದು ನೋಡಿ. ಸೆಬಿ ನೋಂದಣಿ ಸಂಖ್ಯೆ, ಟ್ರಸ್ಟಿಯ ಹೆಸರು, ಕಸ್ಟೋಡಿಯನ್ ಹೆಸರು, ಈ ಮೂರರಲ್ಲಿ ಒಂದು ಕಾಣದಿದ್ದರೂ ಅಲ್ಲಿ ಚಿನ್ನ ಕೊಳ್ಳಬೇಡಿ.